ಕಸಬರಿಗೆಯ ಲೆಕ್ಕ: ಗೀಟು ಪುಸ್ತಕ ನಮ್ಮ ಶಾಲೆಯಲ್ಲಿ ನಡೆದದ್ದು ಹೇಗೆ

ಹೋದ ತಿಂಗಳು ಕುಮಟಾದಲ್ಲಿ ಒಂದು ತರಬೇತಿ ಇತ್ತು. ಊಟದ ಸಾಲಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ಮೂರು ವರ್ಷದ ಹಿಂದೆ ಇದೇ ಮನುಷ್ಯ, "ಗಣಿತ ಕಲಿಸೋದು ಬಿಟ್ಟು ಕಸಬರಿಗೆ ಎಣಿಸ್ತೀರಂತಲ್ಲ ಮಾಸ್ತರೇ" ಎಂದು ಎಲ್ಲರೆದುರು ನಕ್ಕಿದ್ದರು. ಈಗ ತಟ್ಟೆ ಹಿಡಿದುಕೊಂಡೇ, "ಆ ಗೀಟು ಪುಸ್ತಕದ ಒಂದು ಪುಟ ವಾಟ್ಸಾಪ್ ಮಾಡ್ತೀರಾ?" ಎಂದರು. ಮಾಡಿದೆ. ಆದರೆ ಪುಟ ನೋಡಿದರೆ ಏನೂ ತಿಳಿಯುವುದಿಲ್ಲ. ಬರೀ ಗೀಟು. ಶಾಲೆಯ ಕೆಲಸ, ಆಟ, ಪ್ರಶ್ನೆ ಹುಡುಗರ ಪಾಲಿಗೆಷ್ಟು, ಹುಡುಗಿಯರ ಪಾಲಿಗೆಷ್ಟು ಎಂದು ಮಕ್ಕಳೇ ಎಣಿಸಿ ಗೀಟು ಎಳೆಯುವ ನೋಟ್‌ಬುಕ್ ಅದು. ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಮೊದಲು ಶಿರಸಿ ಕಡೆ ಇದ್ದೆ. 2019ರಲ್ಲಿ ವರ್ಗವಾಗಿ ದೇವಿಮನೆ ಘಟ್ಟ ಇಳಿದು ಕೆಳಗೆ ಬಂದೆ. ಈಗಿರುವುದು ಕುಮಟಾ, ಅಂಕೋಲಾ ನಡುವಿನ ಒಂದು ಹೊಳೆದಂಡೆಯ ಊರು. ನೂರಾ ನಲವತ್ತು ಚಿಲ್ಲರೆ ಮಕ್ಕಳು. ಅರ್ಧದಷ್ಟು ಮನೆಗಳಲ್ಲಿ ಅಪ್ಪ ಕಡಲಿಗೆ, ಆಯಿ ಮೀನು ಪೇಟೆಗೆ. ಉಳಿದವರು ಗದ್ದೆ, ಕೂಲಿ, ಗೋವಾದ ದುಡಿಮೆ. ಮಕ್ಕಳೇ ಮಂತ್ರಿಗಳಾಗುವ ಶಾಲಾ ಸಂಸತ್ತು, ಹುಡುಗಿಯರ ಓದಿಗೆಂದು ಇರುವ ಮೀನಾ ತಂಡ, ಪಂಚಾಯಿತಿಯವರು ಮಕ್ಕಳ ಮಾತು ಕೇಳುವ ಮಕ್ಕಳ ಗ್ರಾಮಸಭೆ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನೆಲ್ಲ ವಿವರಿಸುವುದಿಲ್ಲ. ಅವು ನನ್ನ ಕೈಯಲ್ಲಿ ಹೇಗೆ ಕೆಟ್ಟವು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಮೊದಲ ಸೋಲು ಘಟ್ಟದ ಮೇಲೆ ಆಯಿತು. ಆಗ ನಾನೂ ಎಲ್ಲರ ಹಾಗೆ ಮಾರ್ಚ್ 8ರ ಮಹಿಳಾ ದಿನಕ್ಕೆ ಜಾಥಾ ಮಾಡಿಸುತ್ತಿದ್ದೆ. ಬ್ಯಾನರಿಗೆ ಎಂಟುನೂರೋ ಒಂಬೈನೂರೋ ರೂಪಾಯಿ. ಶಿರಸಿಯ ಮಾರಿಕಾಂಬೆ ಜಾತ್ರೆಯಾದರೂ ಎರಡು ವರ್ಷಕ್ಕೊಮ್ಮೆ, ನಮ್ಮ ಬ್ಯಾನರ್ ಪ್ರತಿ ವರ್ಷ. ಜಾಥಾ ಮುಗಿದ ಮೇಲೆ ಶರಬತ್ತು, ಶರಬತ್ತಿನ ನಂತರ ಭಾಷಣ. ಒಂದು ವರ್ಷ ಅಂಕೋಲೆಯ ಸುಕ್ರಿ ಬೊಮ್ಮಗೌಡರ ಬಗ್ಗೆ ಹೇಳಿದೆ. ಶಾಲೆಗೆ ಹೋಗದ, ಹಾಲಕ್ಕಿ ಸಮುದಾಯದ ಜನಪದ ಹಾಡುಗಾರ್ತಿ ಊರಿನ ಸಾರಾಯಿ ವಿರುದ್ಧ ನಿಂತಿದ್ದು, 2017ರಲ್ಲಿ ಪದ್ಮಶ್ರೀ ಬಂದಿದ್ದು, ಎಲ್ಲ. ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ಸಭೆ ಮುಗಿಯಿತು. ಶರಬತ್ತಿನ ಲೋಟ ತೊಳೆದವರು ಯಾರು? ಏಳು ಹುಡುಗಿಯರು. ಹುಡುಗರು ಬ್ಯಾನರಿನ ಕೋಲು ಹಿಡಿದು ಕತ್ತಿವರಸೆ ಆಡುತ್ತಿದ್ದರು. ಅವತ್ತು ಅದು ನನ್ನ ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ.

ಆಮೇಲೆ ಹುಡುಗಿಯರದ್ದೇ ಒಂದು ತಂಡ ಮಾಡಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಸಭೆ. ಮೊದಲ ವಾರ ಇಪ್ಪತ್ತೆರಡು ಜನ. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಆರು. ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿದ ಹುಡುಗಿಗೆ ಶನಿವಾರ ಮಧ್ಯಾಹ್ನ ಮತ್ತೊಂದು ಸಭೆ ಅಂದರೆ ಅದು ಶಿಕ್ಷೆಯೇ ಅಲ್ವಾ? ಸಮಾನತೆ ತರುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ್ದೆ. ಹುಡುಗರಂತೂ ಕಿಟಕಿ ಬಡಿದು ಓಡುವುದೇ ಆಟ ಮಾಡಿಕೊಂಡರು. ಅದು ಮುಚ್ಚಿತು.

ಕೆಳಗೆ ಬಂದ ಮೇಲೆ ಶಾಲಾ ಸಂಸತ್ತಿಗೆ ಕೈ ಹಾಕಿದೆ. ಹುಡುಗಿಯೇ ಪ್ರಧಾನಿ ಆಗಬೇಕು ಎಂದು ನಿಯಮ ಮಾಡಿದೆ. ಆದಳು. ಆದರೆ ಘಂಟೆ ಹೊಡೆಯುವುದರಿಂದ ಹಿಡಿದು ಧ್ವಜದ ಹಗ್ಗದ ತನಕ ಎಲ್ಲ ಉಪಪ್ರಧಾನಿ ಹುಡುಗನ ಕೈಯಲ್ಲಿ. ಅವಳ ಪಾಲಿಗೆ ಸ್ವಾಗತ ಭಾಷಣ, ಆರತಿ ತಟ್ಟೆ. ಇನ್ನೊಂದು ಸಂಗತಿ ನಿಮ್ಮ ಶಾಲೆಯಲ್ಲೂ ನೋಡಿ: ನೈರ್ಮಲ್ಯ ಮಂತ್ರಿ ಯಾವಾಗಲೂ ಹುಡುಗಿ, ಕ್ರೀಡಾ ಮಂತ್ರಿ ಯಾವಾಗಲೂ ಹುಡುಗ. ನಾನು ಹಳೆಯ ಪಟ್ಟಿ ತೆಗೆಸಿ ನೋಡಿದೆ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಕೊರೊನಾ ಬಂತು, ಎರಡು ವರ್ಷ ಹೋಯಿತು. 2022ರ ಜೂನ್‌ನಲ್ಲಿ ಗೀಟು ಪುಸ್ತಕ ಶುರು ಮಾಡಿದೆ.

ಅದರ ಮೂಲ ಏನೂ ದೊಡ್ಡದಲ್ಲ. ಒಂಬತ್ತನೇ ತರಗತಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡ. ಪಠ್ಯಪುಸ್ತಕದ ಕ್ರಿಕೆಟ್ ರನ್ನಿನ ಲೆಕ್ಕ ಬೇಜಾರು ಹಿಡಿಸಿತ್ತು. ಸುಮ್ನೆ ಹೇಳಿದೆ, "ಈ ವಾರ ಶಾಲೆಯಲ್ಲಿ ಯಾರು ಯಾವ ಕೆಲಸ ಮಾಡ್ತಾರೆ, ಗೀಟು ಹಾಕ್ಕೊಂಡು ಬನ್ನಿ." ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಕೊಟ್ಟೆ. ಅಷ್ಟೇ.

ಮೊದಲ ವರ್ಷ ಪೂರ್ತಿ ಹಾಳು. ಯಾಕೆಂದರೆ ನನಗೆ ಆಸೆ ಜಾಸ್ತಿ. ಹದಿನಾಲ್ಕು ಅಂಕಣ ಮಾಡಿದ್ದೆ. ಕಸ, ನೀರು, ಬೋರ್ಡ್ ಒರೆಸುವುದು, ಹೂವಿನ ಕುಂಡ, ಇನ್ನೂ ಏನೇನೋ. ಮಕ್ಕಳು ಗುರುವಾರದ ತನಕ ಮರೆತು, ಶುಕ್ರವಾರ ಒಂದೇ ಪೆನ್ನಿನಲ್ಲಿ ಒಂದೇ ಕೂತಲ್ಲಿ ಎಲ್ಲ ತುಂಬಿಸಿ ತಂದರು. ಗೀಟುಗಳು ಸಾಲಾಗಿ ನಿಂತ ಕೋಲಿನ ಹಾಗೆ. ಅಷ್ಟು ಚಂದದ ಅಕ್ಷರದಲ್ಲಿ ಯಾರೂ ನಿಜ ಬರೆಯುವುದಿಲ್ಲ.

ಎರಡನೇ ತಪ್ಪು ಬಹುಮಾನ. ಜಾಸ್ತಿ ಕೆಲಸ ಮಾಡಿದ ಹುಡುಗನಿಗೆ ಒಂದು ಕಂಪಾಸ್ ಬಾಕ್ಸ್ ಎಂದೆ. ನೂರಾ ಇಪ್ಪತ್ತು ರೂಪಾಯಿ ಹೋಯಿತು. ಒಬ್ಬ ಮಹಾಶಯ ಒಂದೇ ದಿನ ಒಂದೇ ಜಾಗವನ್ನು ಹನ್ನೊಂದು ಸಲ ಗುಡಿಸಿದ. ಗೀಟು ಹಾಕುವವರು ಕಂಡರೆ ಗುಡಿಸುವುದು, ಅವರು ತಿರುಗಿದರೆ ನಿಲ್ಲಿಸುವುದು. ಅವನಿಗೇ ಬಾಕ್ಸ್ ಕೊಡಬೇಕಾಯಿತು, ಲೆಕ್ಕ ಲೆಕ್ಕವೇ. ಹುಡುಗಿಯರು ಅವತ್ತು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅವರು ದಿನಾ ಗುಡಿಸಿದ್ದಕ್ಕೆ ಯಾರೂ ಪೆನ್ಸಿಲನ್ನೂ ಕೊಟ್ಟಿರಲಿಲ್ಲ.

ಮೂರನೆಯ ತಪ್ಪು ನಿಜಕ್ಕೂ ಕೆಟ್ಟದ್ದು. ಹೆಸರು ಓದಿದೆ. ಒಂದೂ ಗೀಟು ಇಲ್ಲದ ಮೂವರು ಹುಡುಗರ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಓದಿಬಿಟ್ಟೆ. ಅದರಲ್ಲಿ ಒಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವನ ಅಪ್ಪ ಬಂದರು. ಆ ಹುಡುಗ ಬೆಳಗ್ಗೆ ನಾಲ್ಕಕ್ಕೆ ಎದ್ದು ಬಲೆ ಬಿಡಿಸಿ, ಮೀನು ಬೇರ್ಪಡಿಸಿ ಶಾಲೆಗೆ ಬರುವವನು ಎಂದು ನನಗೆ ಗೊತ್ತೇ ಇರಲಿಲ್ಲ. ತಪ್ಪಾಯಿತು ಎಂದೆ. ಅವತ್ತಿನಿಂದ ನಮ್ಮ ಪುಸ್ತಕದಲ್ಲಿ ಹೆಸರಿಲ್ಲ. ಹುಡುಗ, ಹುಡುಗಿ, ಎರಡೇ ಮನೆ. ಇದನ್ನು ನೀವು ಬಿಟ್ಟರೆ ಪುಸ್ತಕ ಒಂದು ತಿಂಗಳೂ ಬಾಳುವುದಿಲ್ಲ, ಬರೆದಿಟ್ಟುಕೊಳ್ಳಿ.

ವರ್ಷದ ಕೊನೆಗೆ ನಮ್ಮ ಹಿರಿಯರೊಬ್ಬರು, "ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ನಿಮ್ಮ ಲೆಕ್ಕ" ಎಂದರು. ಇನ್ನೊಬ್ಬರು, "ಇದೆಲ್ಲ ಅಕ್ಕೋರುಗಳ ಕೆಲಸ, ನಿಮಗ್ಯಾಕೆ?" ಎಂದರು. ಅಕ್ಕೋರು ಅಂದರೆ ನಮ್ಮಲ್ಲಿ ಶಿಕ್ಷಕಿಯರು. ಎರಡನೇ ಮಾತು ಚುಚ್ಚಿತು. ಹಟಕ್ಕೆ ಬಿದ್ದೆ.

2023ರ ಜೂನ್‌ನಲ್ಲಿ ಮತ್ತೆ ಶುರು. ಈ ಸಲ ನಾಲ್ಕೇ ಅಂಕಣ: ಕಸ, ಬಿಸಿಯೂಟದ ನೀರು, ಮೈದಾನದಲ್ಲಿ ಚೆಂಡು ಎಷ್ಟು ನಿಮಿಷ ಯಾರ ಕೈಯಲ್ಲಿ, ಮತ್ತು ಪಾಠದಲ್ಲಿ ಪ್ರಶ್ನೆ ಯಾರಿಗೆ. ವಾರಕ್ಕೆ ಇಬ್ಬರು ಎಣಿಸುವವರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಪುಸ್ತಕವೂ ಎರಡು. ಒಬ್ಬರದ್ದು ಒಬ್ಬರು ನೋಡುವಂತಿಲ್ಲ. ಶುಕ್ರವಾರ ಕೊನೆಯ ಅವಧಿಯಲ್ಲಿ ತಾಳೆ ನೋಡುವುದು. ಎರಡು ಮೂರು ಗೀಟಿನ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಆ ವಾರದ ಆ ಅಂಕಣ ಖಾಲಿ. ಖಾಲಿ ಬಿಟ್ಟರೆ ಇಬ್ಬರಿಗೂ ಅವಮಾನ, ಹಾಗಾಗಿ ಮುಂದಿನ ವಾರ ಕಣ್ಣು ಚುರುಕಾಗುತ್ತದೆ. ಶನಿವಾರ ಬೆಳಗ್ಗೆ ಇಪ್ಪತ್ತು ನಿಮಿಷ ಅಂಕಿಗಳು ಬೋರ್ಡಿನ ಮೇಲೆ. ಆಮೇಲೆ ನಾನು ಹೊರಗೆ ಜಗಲಿಯಲ್ಲಿ. ತಿಂಗಳಿಗೆ ಒಂದೇ ಒಂದು ಬದಲಾವಣೆ, ಅದೂ ಮಕ್ಕಳೇ ಆರಿಸಿದ್ದು. ಇನ್ನೂರು ರೂಪಾಯಿ ಮೀರಿದ ಖರ್ಚಿಗೆ ಮಾತ್ರ ನನ್ನನ್ನು ಕೇಳಬೇಕು.

ಮೊದಲ ಎಣಿಕೆಗಾರರನ್ನು ಹೇಗೆ ಆರಿಸಿದೆ ಎಂದು ತುಂಬ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಬೆಂಚಿನವರನ್ನಲ್ಲ ಅಂತ ಮಾತ್ರ ಹೇಳುತ್ತೇನೆ. ಉಳಿದದ್ದು ಶಾಲೆಗೆ ಬಂದರೆ ತೋರಿಸಬಹುದು. ಬರೆದರೆ ಅದು ಸುತ್ತೋಲೆ ಆಗಿಬಿಡುತ್ತದೆ.

ಮೊದಲ ವಾರ ಎಣಿಕೆಗೆ ನಾನೇ ಕುತ್ತಿಗೆ ಕೊಟ್ಟೆ. ಒಂಬತ್ತನೇ ತರಗತಿ, ನಲವತ್ತು ನಿಮಿಷ, ಬೀಜೋಕ್ತಿ. ತರಗತಿಯಲ್ಲಿ ಹತ್ತೊಂಬತ್ತು ಹುಡುಗಿಯರು, ಹದಿನಾರು ಹುಡುಗರು. ಎಣಿಸುತ್ತಿದ್ದ ಹುಡುಗಿ ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿದ್ದಳು. ಪುಸ್ತಕವನ್ನು ಕಂಪಾಸ್ ಬಾಕ್ಸಿನ ಕೆಳಗಿಟ್ಟು, ನಾನು ಬೋರ್ಡಿಗೆ ತಿರುಗಿದಾಗ ಮಾತ್ರ ಗೀಟು ಎಳೆಯುತ್ತಿದ್ದಳು. ಪೆನ್ಸಿಲಿನ ಸದ್ದು ಕೇಳುತ್ತಿತ್ತು. ನಾನು ಚೆನ್ನಾಗಿ ನಡೆದುಕೊಳ್ಳುತ್ತಿದ್ದೇನೆ ಅಂತಲೇ ನನ್ನ ಭಾವನೆ. ಶುಕ್ರವಾರ ಇಬ್ಬರ ಪುಸ್ತಕ ತಾಳೆಯಾಯಿತು. ಹದಿನೇಳು ಪ್ರಶ್ನೆ ಕೇಳಿದ್ದೆ. ಹುಡುಗರಿಗೆ ಹದಿಮೂರು, ಹುಡುಗಿಯರಿಗೆ ನಾಲ್ಕು. ಆ ನಾಲ್ಕರಲ್ಲಿ ಎರಡು, "ಅರ್ಥ ಆಯ್ತಾ?" ಅದನ್ನು ಪ್ರಶ್ನೆ ಎಂದು ಹಿಡಿಯಬೇಕೋ ಬೇಡವೋ ಎಂದು ಮಕ್ಕಳಲ್ಲೇ ಜಗಳ. ಅಂಚಿನಲ್ಲಿ ಆ ಹುಡುಗಿ ಇನ್ನೊಂದು ಸಾಲು ಬರೆದಿದ್ದಳು, ನಾನು ಹೇಳಿರದೇ ಇದ್ದದ್ದು: "ಚಾಕ್‌ಪೀಸ್ ತಾ, ನೀರು ತಾ, ಡಸ್ಟರ್ ತಾ: ಹುಡುಗಿ 3, ಹುಡುಗ 0."

ಸ್ಟಾಫ್ ರೂಮಿನಲ್ಲಿ ಗಲಾಟೆಯಾಯಿತು. "ಮಕ್ಕಳ ಕೈಲಿ ನಮ್ಮ ತಪ್ಪು ಬರೆಸ್ತೀರಾ?" ನನ್ನ ತಪ್ಪು ಮಾತ್ರ ಬರೆಸುತ್ತೇನೆ, ಬೇಕಾದವರು ತಮ್ಮ ತರಗತಿಗೆ ಕರೆಯಬಹುದು ಎಂದೆ. ಮೂರು ತಿಂಗಳು ಯಾರೂ ಕರೆಯಲಿಲ್ಲ. ನಾಲ್ಕನೇ ತಿಂಗಳು ಕನ್ನಡದ ಅಕ್ಕೋರು ಕರೆದರು. ಅವರದ್ದು ನನಗಿಂತ ಸ್ವಲ್ಪ ವಾಸಿ ಬಂತು, ಅದನ್ನು ವರ್ಷವಿಡೀ ನೆನಪಿಸಿದರು.

ಮೊದಲ ತಿಂಗಳ ಬದಲಾವಣೆಗೆ ಮಕ್ಕಳು ಕಸವನ್ನು ಆರಿಸುತ್ತಾರೆ ಅಂದುಕೊಂಡಿದ್ದೆ. ಅಂಕಿ ಹಾಗಿತ್ತು: ವಾರಕ್ಕೆ ಹುಡುಗಿಯರದ್ದು 46 ಗೀಟು, ಹುಡುಗರದ್ದು 3. ಅವರು ಆರಿಸಿದ್ದು ಚೆಂಡು. ನನಗೆ ಬೇಜಾರಾಯಿತು, ನಿಜ. ಬಾಯಿ ತುದಿಗೆ ಬಂದ ಮಾತು ನುಂಗಿಕೊಂಡೆ. ಮುಂದಾಳು ಆಗಿ ಎಂದು ಹೇಳಿ, ಎಲ್ಲಿಗೆ ಹೋಗಬೇಕು ಎಂದು ನಾವೇ ಹೇಳಿದರೆ ಅದು ಮತ್ತೆ ಜಾಥಾ.

ಚೆಂಡಿನ ವಿಷಯ ಕೆದಕಿದಾಗ ಒಂದು ಸ್ವಾರಸ್ಯ ಸಿಕ್ಕಿತು. ವಾರಕ್ಕೆ ಹುಡುಗರ ಕೈಯಲ್ಲಿ ಇನ್ನೂರು ನಿಮಿಷದ ಮೇಲೆ, ಹುಡುಗಿಯರ ಕೈಯಲ್ಲಿ ಹದಿನೈದು ಇಪ್ಪತ್ತು. "ಅವರಿಗೆ ಆಸಕ್ತಿ ಇಲ್ಲ ಸರ್" ಎಂದ ಕ್ರೀಡಾ ಮಂತ್ರಿ. ಕಾರಣ ಆಸಕ್ತಿ ಅಲ್ಲ, ಬೀಗದ ಕೈ. ಆಟದ ಸಾಮಾನಿನ ಕೋಣೆಯ ಬೀಗದ ಕೈ ಅವನ ಜೇಬಿನಲ್ಲಿ. ಅವನು ಬಾಗಿಲು ತೆರೆದು, ತನ್ನ ಬಳಗಕ್ಕೆ ಚೆಂಡು ಕೊಟ್ಟು, ಮತ್ತೆ ಬೀಗ ಹಾಕುತ್ತಿದ್ದ. ಥ್ರೋಬಾಲ್ ಬೇಕು ಎಂದು ಹುಡುಗಿಯರು ಅವನ ಹಿಂದೆ ಓಡಿ, ಸಿಗುವ ಹೊತ್ತಿಗೆ ಅವಧಿಗೆ ಹತ್ತು ನಿಮಿಷ ಉಳಿದಿರುತ್ತಿತ್ತು. ಮಕ್ಕಳು ಅರವತ್ತು ರೂಪಾಯಿ ಕೊಟ್ಟು ಕುಮಟಾದಲ್ಲಿ ಇನ್ನೊಂದು ಕೈ ಮಾಡಿಸಿದರು. ಭಾಷಣ ಇಲ್ಲ, ಪ್ರತಿಜ್ಞೆ ಇಲ್ಲ. ಮುಂದಿನ ತಿಂಗಳು ಹುಡುಗಿಯರ ನಿಮಿಷ ಎಂಬತ್ತರ ಹತ್ತಿರ ಬಂತು. ನನ್ನ ಇಡೀ ಪ್ರಯೋಗದಲ್ಲಿ ಅರವತ್ತು ರೂಪಾಯಿಗೆ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಅದೇ 2023ರ ಜೂನ್‌ನಲ್ಲಿ ಸರ್ಕಾರದ ಶಕ್ತಿ ಯೋಜನೆ ಬಂದಿತ್ತು. ಹುಡುಗಿಯರಿಗೆ ಬಸ್ ಫ್ರೀ, ಹುಡುಗರಿಗೆ ಪಾಸಿನ ದುಡ್ಡು. "ಇದು ಯಾವ ಸಮಾನತೆ ಸರ್?" ಎಂದು ಹುಡುಗರು ನನ್ನ ಮೇಲೆ ಬಿದ್ದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಹೇಳದೆ, ಅದನ್ನೂ ಎಣಿಸಿ ಎಂದೆ. ಸಂಜೆ ಶಾಲೆ ಬಿಟ್ಟ ಮೇಲೆ ಯಾರು ಎಷ್ಟು ಹೊತ್ತು ಉಳಿಯುತ್ತಾರೆ? ಹುಡುಗಿಯರು ನಾಲ್ಕೂವರೆಯ ಬಸ್ಸಿಗೆ ಹೋಗಲೇಬೇಕು, ತಡವಾದರೆ ಮನೆಯಲ್ಲಿ ಕೇಳುತ್ತಾರೆ. ಹುಡುಗರು ಆರರ ತನಕ ಆಡಿ ಟೆಂಪೋ ಹತ್ತಿ ಹೋಗುತ್ತಾರೆ. "ಅವರಿಗೆ ಬಸ್ ಫ್ರೀ, ನಮಗೆ ಸಂಜೆ ಫ್ರೀ" ಎಂದು ಬೋರ್ಡಿನ ಮೇಲೆ ಬರೆದವನು ಒಬ್ಬ ಹುಡುಗನೇ. ಆ ವಾಕ್ಯ ನನ್ನದಾಗಿದ್ದರೆ ಚೆನ್ನಾಗಿತ್ತು.

ಕಸ ಮಾತ್ರ ಜಗ್ಗಲಿಲ್ಲ. ಇಲ್ಲಿ ನಮ್ಮ ಊರಿನ ಒಂದು ವಿಚಿತ್ರ ಹೇಳಬೇಕು. ನಮ್ಮ ಹುಡುಗರಿಗೆ ಯಕ್ಷಗಾನದ ಹುಚ್ಚು. ವಾರ್ಷಿಕೋತ್ಸವಕ್ಕೆ ಸ್ತ್ರೀವೇಷ ಹಾಕಲು ಇಬ್ಬರು ಪೈಪೋಟಿ ಮಾಡುತ್ತಾರೆ. ಸೀರೆ ಉಡುತ್ತಾರೆ, ಜಡೆ ಕಟ್ಟುತ್ತಾರೆ, ಬಳೆ ತೊಡುತ್ತಾರೆ, ಊರು ನೋಡಿ ಮೆಚ್ಚುತ್ತದೆ. ಅದೇ ಹುಡುಗ ಮರುದಿನ ಕಸಬರಿಗೆ ಹಿಡಿದರೆ ಮರ್ಯಾದೆ ಹೋಗುತ್ತದೆ! ಇದನ್ನೇ ಹಿಡಿದು ಒಂದು ತಾಳಮದ್ದಲೆ, ಅಂದರೆ ವೇಷವಿಲ್ಲದ ಮಾತಿನ ಯಕ್ಷಗಾನ, ಮಾಡಿಸಿದೆ. ಒಂದು ಕಡೆ ಸೀರೆ, ಇನ್ನೊಂದು ಕಡೆ ಕಸಬರಿಗೆ, ಎರಡೂ ತಮ್ಮ ದೊಡ್ಡಸ್ತಿಕೆ ವಾದಿಸಬೇಕು. ನಗು ಬಹಳ ಬಂತು. ಗೀಟು ಒಂದೂ ಹೆಚ್ಚಲಿಲ್ಲ. ಆದರೂ ಮತ್ತೆ ಮಾಡಿಸುತ್ತೇನೆ, ಅರ್ಥಗಾರಿಕೆ ಚೆನ್ನಾಗಿತ್ತು.

ಇನ್ನೊಂದು ಅಡ್ಡ ಪ್ರಯೋಗ ಕಸಬರಿಗೆಯದ್ದೇ. ನಮ್ಮದು ತೆಂಗಿನ ಕಡ್ಡಿಯ ಗಿಡ್ಡ ಕಸಬರಿಗೆ, ನಡು ಬಗ್ಗಿಸಿಯೇ ಗುಡಿಸಬೇಕು. "ಇದಕ್ಕೊಂದು ಉದ್ದ ಕೋಲು ಕಟ್ಟಿದರೆ?" ಎಂದು ಒಬ್ಬ ಕೇಳಿದ. ಬಿದಿರು ಕಡಿದು ತಂದರು, ಬಲೆಯ ನೈಲಾನ್ ದಾರದಲ್ಲಿ ಬಿಗಿದರು. ಆ ಗಂಟು ಅಪ್ಪಂದಿರಿಂದ ಕಲಿತದ್ದು, ಇವತ್ತಿಗೂ ಸಡಿಲವಾಗಿಲ್ಲ. ಖರ್ಚು ಸೊನ್ನೆ. ಯಾವುದು ಬೇಗ ಗುಡಿಸುತ್ತದೆ ಎಂದು ಗಡಿಯಾರ ಹಿಡಿದು ಪಂದ್ಯ ಬೇರೆ. ಹುಡುಗರ ಗೀಟು 3ರಿಂದ 12ಕ್ಕೆ ಏರಿತು. ತಾವೇ ಮಾಡಿದ ಸಾಮಾನು ಅಲ್ವಾ, ಆಡಿಸುವ ಹುಮ್ಮಸ್ಸು. ಹುಡುಗಿಯರಿಗೆ ಅನುಮಾನ, "ಇದು ಎಷ್ಟು ದಿನ ನೋಡ್ತೇವೆ." ಅವರು ಹೇಳಿದ್ದೇ ಸರಿ. ದಸರಾ ರಜೆ ಮುಗಿದ ಮೇಲೆ 5ಕ್ಕೆ ಇಳಿಯಿತು.

ಬಿದ್ದುಹೋದ ಈ ಅಂಕಣವನ್ನು ಮತ್ತೆ ಎತ್ತಿದ್ದು ಅಪ್ಪಂದಿರ ಸಭೆ. ಇದು ನನ್ನ ಹೆಮ್ಮೆ. ಘಟ್ಟದ ಮೇಲೆ ಪೋಷಕರ ಸಭೆ ಯಾವಾಗ ಕರೆದರೂ ಹೇಗೋ ನಡೆಯುತ್ತದೆ, ಕೊಯ್ಲೊಂದು ತಪ್ಪಿಸಿದರೆ ಆಯಿತು. ಕಡಲ ಬದಿಯಲ್ಲಿ ಸಭೆಗೆ ಅಪ್ಪಂದಿರೇ ಬರುವುದಿಲ್ಲ, ಅವರು ನೀರಿನ ಮೇಲೆ. ಆದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅರವತ್ತೊಂದು ದಿನ ಅಪ್ಪಂದಿರು ಮನೆಯಲ್ಲೇ. ಬಲೆ ಹೆಣೆಯುತ್ತಾ, ಬೇಜಾರು ಮಾಡಿಕೊಂಡು ಕೂತಿರುತ್ತಾರೆ. 2024ರ ಜೂನ್ ಮೂರನೇ ವಾರ ಸಭೆ ಕರೆದೆವು. ಕರೆದವರು ಮಕ್ಕಳು, ನಾನು ಕುರ್ಚಿ ಹಾಕಿದೆ, ಅಷ್ಟೇ. ಬಂದವರು ನಲವತ್ತರ ಮೇಲೆ. ಹಿಂದೆಂದೂ ಹನ್ನೆರಡು ದಾಟಿರಲಿಲ್ಲ.

ಇಬ್ಬರು ಎಣಿಕೆಗಾರರು ವರ್ಷದ ಅಂಕಿ ಓದಿದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಮೈಕಟ್ಟು ಜೋರು, ದನಿಯೂ ಜೋರು. "ನನ್ನ ಮಗನ ಕೈಲಿ ಕಸ ಹೊಡೆಸೋಕೆ ಶಾಲೆಗೆ ಕಳಿಸ್ತೇನಾ ನಾನು?" ಸಭೆ ಗಪ್‌ಚಿಪ್. ನಾನು ಏಳಬೇಕೋ ಬೇಡವೋ ಎಂದು ನೋಡುತ್ತಿದ್ದೆ. ಪುಸ್ತಕ ಹಿಡಿದಿದ್ದ ಹುಡುಗಿ, ಅದೇ ಕಂಪಾಸ್ ಬಾಕ್ಸಿನವಳು, ತಗ್ಗಿದ ದನಿಯಲ್ಲಿ ಕೇಳಿದಳು, "ಬೋಟಲ್ಲಿ ಅನ್ನ ಯಾರು ಮಾಡ್ತಾರೆ?"

ಅವರಿಗೆ ಅರ್ಥವಾಗಲಿಲ್ಲ. "ಎಂತದು?"

"ಏಳೆಂಟು ದಿನ ಕಡಲಲ್ಲಿ ಇರ್ತೀರಲ್ಲ. ಅನ್ನ, ಸಾರು ಯಾರು ಮಾಡ್ತಾರೆ? ಪಾತ್ರೆ ಯಾರು ತೊಳೀತಾರೆ? ಮೀನು ಬಿದ್ದ ಹಲಗೆ ಯಾರು ತೊಳೀತಾರೆ? ಅಲ್ಲಿ ಹೆಂಗಸರು ಇರ್ತಾರಾ?"

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬರು ನಕ್ಕರು. ಪಕ್ಕದವರು ಅವರ ಬೆನ್ನಿಗೆ ಹೊಡೆದು, "ಇವನೇ ನಮ್ಮ ಬೋಟಿನ ಅಡುಗೆಯವ, ಇವನ ಸಾರು ಕುಡಿದೇ ನಾವು ಹಾಳಾದದ್ದು" ಎಂದರು. ಇಡೀ ಸಭೆ ನಗುವಿನಲ್ಲಿ ಮುಳುಗಿತು. ಎದ್ದು ನಿಂತವರೂ ಕೂತರು. ಕೂರುವಾಗ ಅವರೂ ಸ್ವಲ್ಪ ನಗುತ್ತಿದ್ದರು ಎಂದು ನನ್ನ ನೆನಪು. ಹೊರಗೆ ಅವರ ಹತ್ತಿರ ನಾನು ಆಮೇಲೆ ಏನು ಮಾತಾಡಿದೆ ಅನ್ನುವುದು ನಮ್ಮಿಬ್ಬರ ನಡುವೆ ಇರಲಿ. ಅವರ ಮಗ ಮುಂದಿನ ವಾರವೇ ಎಣಿಕೆಗೆ ಹೆಸರು ಕೊಟ್ಟ.

ಆ ಪ್ರಶ್ನೆ ನಾನು ಹೇಳಿಕೊಟ್ಟದ್ದು ಎಂದು ಈಗಲೂ ಕೆಲವರು ನಂಬಿದ್ದಾರೆ. ಘಟ್ಟದ ಮೇಲಿನ ಅಡಿಕೆ ತೋಟದ ನಡುವೆ ಬೆಳೆದವನು ನಾನು. ಬೋಟಿನಲ್ಲಿ ಅಡುಗೆ ಮಾಡುತ್ತಾರೆ ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಸಭೆ ಆಗಿ ತಿಂಗಳೊಳಗೆ, ಜುಲೈ 16ಕ್ಕೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಅದರ ಮೇಲೆ ಮಳೆ, ಜಿಲ್ಲಾಧಿಕಾರಿ ಕೊಟ್ಟ ರಜೆಗಳು. ಆ ದಿನಗಳಲ್ಲಿ ಕಸ, ಚೆಂಡು ಯಾರಿಗೆ ಬೇಕು? ಪುಸ್ತಕ ಕಪಾಟಿನಲ್ಲಿ ಉಳಿಯಿತು. ಆದರೆ ಶಾಲೆ ಮತ್ತೆ ಸರಿಯಾಗಿ ನಡೆಯತೊಡಗಿದಾಗ ಮಕ್ಕಳೇ ಹಾಜರಿ ಎಣಿಸಿದರು. ಹುಡುಗರು ಬೇಗ ಬಂದರು. ಆ ಕಡೆಯ ಹುಡುಗಿಯರನ್ನು ಮಾತ್ರ ಮನೆಯವರು ಕಳಿಸುತ್ತಿರಲಿಲ್ಲ, ಒಂಬತ್ತೋ ಹತ್ತೋ ಜನ. ಮಕ್ಕಳು ಮೂರು ಗುಂಪು ಮಾಡಿ, ಯಾವ ತಿರುವಿನಲ್ಲಿ ಯಾರು ಕಾಯಬೇಕು ಎಂದು ಪಟ್ಟಿ ಬರೆದು, ಆ ಪಟ್ಟಿ ಹಿಡಿದು ಮನೆ ಮನೆಗೆ ಹೋದರು. ಒಂದು ವಾರದಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಬಂದರು.

ಶೌಚಾಲಯದ ಕಥೆ ಚಿಕ್ಕದು. ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ನಮ್ಮಲ್ಲೂ ಇದೆ. ಇಲ್ಲದ್ದು ಚಿಲಕ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಎರಡು ವರ್ಷ ಮಕ್ಕಳ ಗ್ರಾಮಸಭೆಯಲ್ಲಿ "ದುರಸ್ತಿ ಮಾಡಿಸಿಕೊಡಿ" ಎಂದು ಅರ್ಜಿ ಕೊಟ್ಟಿದ್ದೆವು. ಮೂರನೇ ಸಲ ಅಂಕಿ ಓದಿದರು: ಒಂದು ವಾರದಲ್ಲಿ 41 ಸಲ ಬಾಗಿಲು ಹಿಡಿದಿದ್ದು, ಸಲಕ್ಕೆ ಮೂರು ನಿಮಿಷ, ಒಟ್ಟು ಎರಡು ಗಂಟೆಯ ಪಾಠ ಹೋಯಿತು. ಓದಿದವನು ಹುಡುಗ. ಸಭೆಯಲ್ಲಿ ಯಾರೂ ನಗಲಿಲ್ಲ. ಬಾಗಿಲು ಹೊಸದಾಯಿತು. ಅದು ಬರುವ ತನಕ ಕಾಯಲಾಗದೆ ಮಕ್ಕಳು ಅರವತ್ತೈದು ರೂಪಾಯಿಯ ಚಿಲಕ ತಂದು ಹಳೆಯ ಬಾಗಿಲಿಗೇ ಹೊಡೆದಿದ್ದರು. ಈಗ ಆ ಚಿಲಕ ಆಟದ ಕೋಣೆಗಿದೆ.

ಹುಡುಗಿಯರಿಗೆ ಸರ್ಕಾರ ಪುಕ್ಕಟೆ ಕೊಡುವ ಶುಚಿ ಯೋಜನೆಯ ಮುಟ್ಟಿನ ಪ್ಯಾಡ್ ಬರದೇ ಇದ್ದ ಸಮಯದಲ್ಲಿ ಒಂದು ಡಬ್ಬ ಇಟ್ಟಿದ್ದೆವು. ಡಬ್ಬ ಅಕ್ಕೋರ ಹತ್ತಿರ, ಅದರ ಲೆಕ್ಕ ಬರೆಯುವುದು ಸರದಿಯ ಮೇಲೆ, ಹುಡುಗರಿಗೂ ಬರುತ್ತದೆ. ಮೊದಲ ಹುಡುಗ "ಸಾಮಾನು 12" ಎಂದು ಬರೆದ. ಯಾವ ಸಾಮಾನು ಎಂದು ಕೇಳಿದೆ. ಕಿವಿ ಕೆಂಪಾಯಿತು. ಹೊಡೆದು ಹಾಕಿ "ಪ್ಯಾಡ್ 12" ಎಂದು ಬರೆದ. ಮೂರನೇ ತಿಂಗಳಿಗೆ ಹುಡುಗರು ಪೆನ್ನು, ರಬ್ಬರ್ ಎಂದ ಹಾಗೇ ಪ್ಯಾಡ್ ಎನ್ನುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಗೀಟು ಇಲ್ಲ, ತಮಾಷೆಯೂ ಇಲ್ಲ. ಎಣಿಸುವ ಮಕ್ಕಳ ಕಿವಿಗೆ ಕೆಲವೊಮ್ಮೆ ದೊಡ್ಡ ಸಂಗತಿ ಬೀಳುತ್ತದೆ. ಯಾರೋ ಮುಟ್ಟಿದ್ದು, ಮನೆಯಲ್ಲಿ ಮದುವೆ ಮಾತು. ಅದು ಪುಸ್ತಕಕ್ಕೆ ಬರಬಾರದು, ಶನಿವಾರದ ಚರ್ಚೆಗೂ ಬರಬಾರದು. ನೇರ ದೊಡ್ಡವರಿಗೆ. ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಂದ 2012ರಿಂದ, ಅಂಥದ್ದು ಗೊತ್ತಾದ ಮೇಲೆ ವರದಿ ಮಾಡದೇ ಸುಮ್ಮನಿರುವುದೇ ಅಪರಾಧ. ಮಕ್ಕಳನ್ನು ಮುಂದಾಳು ಮಾಡುವುದು ಅಂದರೆ ಅವರ ಹೆಗಲಿಗೆ ಈ ಭಾರ ಹಾಕುವುದಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಮೂರು ವರ್ಷಕ್ಕೆ ಒಟ್ಟು ಒಂಬತ್ತು ಸಾವಿರದ ಆಸುಪಾಸು. ನೋಟ್‌ಬುಕ್, ಚಿಲಕ, ಬೀಗದ ಕೈ, ಬಕೆಟ್ ಎಲ್ಲ ಸೇರಿ ಎರಡು ಸಾವಿರ ದಾಟಿಲ್ಲ. ಪ್ಯಾಡಿಗೇ ಜಾಸ್ತಿ, ನಾಲ್ಕು ಸಾವಿರ ಇರಬೇಕು. ಉಳಿದದ್ದು ಸಭೆಯ ಚಹಾ, ಮಕ್ಕಳ ಟೆಂಪೋ ಬಾಡಿಗೆ. ನನ್ನ ಜೇಬಿನಿಂದ ಐದೂವರೆ ಸಾವಿರ. ಗೋವಾದಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಸಾವಿರ ಕಳಿಸಿದ. ಉಳಿದದ್ದು ಅಲ್ಲಿ ಇಲ್ಲಿ. ಬೋಟಿನ ಮಾಲೀಕರೊಬ್ಬರು ದುಡ್ಡಿನ ಬದಲು ಹಳೆಯ ಬಲೆ ಕೊಟ್ಟರು, ಅದೇ ಈಗ ನಮ್ಮ ಥ್ರೋಬಾಲ್ ನೆಟ್. ಜಾಥಾದ ಬ್ಯಾನರ್ ನಿಲ್ಲಿಸಿದ್ದರಿಂದ ಉಳಿದದ್ದನ್ನು ಲೆಕ್ಕ ಹಾಕಿಲ್ಲ.

ಹೋದ ಮಾರ್ಚಿನ ಅಂಕಿ: ಕಸ ಹುಡುಗಿ 27, ಹುಡುಗ 22. ಚೆಂಡು ಹುಡುಗರು 140 ನಿಮಿಷ, ಹುಡುಗಿಯರು 95. ನನ್ನ ಪ್ರಶ್ನೆಗಳು ಸುಮಾರು ಅರ್ಧರ್ಧ, ಕಷ್ಟದ ಲೆಕ್ಕ ಬಂದಾಗ ಮಾತ್ರ ಕಣ್ಣು ಇನ್ನೂ ಹುಡುಗರ ಕಡೆ ಹೋಗುತ್ತದೆ ಎಂದು ವರದಿ. ನೀರಿನ ಅಂಕಣ ಮೊದಲಿಂದಲೂ ಸರಿಯಾಗಿ ಬಂದಿಲ್ಲ. ಸರದಿ ಹಾಕಿದರು, ಕೊಡ ಬದಲಿಸಿದರು, ಏನೂ ಆಗಲಿಲ್ಲ. ಅಕ್ಕಪಕ್ಕದ ಎರಡು ಶಾಲೆಗಳು ಪುಸ್ತಕ ಶುರು ಮಾಡಿವೆ. ಒಂದರಲ್ಲಿ ಹೆಸರು ಬರೆಯುತ್ತಿದ್ದಾರೆ, ಬೇಡ ಎಂದು ಹೇಳಿದ್ದೇನೆ. ನಮ್ಮ ಸುತ್ತಮುತ್ತ ಇದನ್ನು ಮೊದಲು ಮಾಡಿದ್ದು ನಾವೇ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ ಏನಿಲ್ಲ.

ಈ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸಬರು ಬಂದರು. ಪುಸ್ತಕ ಪರಿಚಯಿಸಲು ನಾನು ಹೊರಟರೆ, "ಸರ್, ನೀವು ಜಗಲಿ" ಎಂದರು. ಹತ್ತನೆಯವರೇ ಎಲ್ಲ ಹೇಳಿಕೊಟ್ಟರು. ಆ ಶನಿವಾರ ಒಳಗೆ ಕರೆದಾಗ ಬೋರ್ಡಿನ ಮೇಲೆ ಐದನೇ ಅಂಕಣ ಇತ್ತು: "ಸ್ಟಾಫ್ ರೂಮ್ ಚಹಾ." ಅಕ್ಕೋರು 10, ಮಾಸ್ತರು 0. ಹೊರಗಿನ ಕಿಟಕಿಯಿಂದ ಎಣಿಸಿದ್ದರಂತೆ, ಯಾರಿಗೂ ಸುಳಿವಿಲ್ಲ.

ಈಗ ಮಂಗಳವಾರ ಮತ್ತು ಶುಕ್ರವಾರ ನಾನು ಚಹಾ ಮಾಡುತ್ತೇನೆ. ಸಕ್ಕರೆ ಜಾಸ್ತಿ ಎಂದು ಕನ್ನಡದ ಅಕ್ಕೋರ ದೂರು ಬಂದಿದೆ.